ಮಾನವ ಕಳ್ಳಸಾಗಣೆಯಿಂದ ಪಾರಾಗಿ ಬಂದವರ ಮುಂದಿನ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಜೆಸ್ಟಿಕ್‌ನಲ್ಲಿ ಬಸ್ಸಿನಿಂದಲೋ, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ರೈಲಿನಿಂದಲೋ ಇಳಿದು, ಹೇಳಿದ್ದ ಕೆಲಸದ ಬದಲು ಬೇರೆಯವರ ಹಿಡಿತಕ್ಕೆ ಸಿಕ್ಕಿದವರು, ಅಲ್ಲಿಂದ ಹೊರಬಂದವರು, ಅವರ ಮನೆಯವರು ಮತ್ತು ನೆರೆಹೊರೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕಾನೂನಿನ ಸೆಕ್ಷನ್‌ಗಳನ್ನು ಅಲ್ಲಲ್ಲಿ ಹೆಸರಿಸಿರುವುದು, ಠಾಣೆಯಲ್ಲೋ ಕಚೇರಿಯಲ್ಲೋ ನಿಂತು ಕೇಳುವಾಗ ಅವು ಬಾಯಿಗೆ ಬರಲಿ ಎಂಬ ಕಾರಣಕ್ಕೆ. ಸರ್ಕಾರಿ ಕಾಗದಗಳಲ್ಲಿ 'ಸಂತ್ರಸ್ತೆ' ಎಂಬ ಪದವಿರುತ್ತದೆ. ಇಲ್ಲಿ ಸಾಧ್ಯವಾದಲ್ಲೆಲ್ಲ 'ಪಾರಾಗಿ ಬಂದವರು' ಎಂದು ಬರೆದಿದ್ದೇವೆ, ಏಕೆಂದರೆ ಬಹುತೇಕರು ತಮ್ಮನ್ನು ಹಾಗೆ ನೋಡಿಕೊಳ್ಳಲು ಇಷ್ಟಪಡುತ್ತಾರೆ.

ಮಾನವ ಕಳ್ಳಸಾಗಣೆ ಎಂದರೆ ದೇಶದ ಗಡಿ ದಾಟಿಸುವುದೇ?

ಅಲ್ಲ. ಗಡಿ ದಾಟಬೇಕೆಂದಿಲ್ಲ, ಜಿಲ್ಲೆ ದಾಟಬೇಕೆಂದೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಪ್ರಕಾರ, ಶೋಷಣೆಗೆಂದು ಒಬ್ಬರನ್ನು ಬೆದರಿಸಿ, ಬಲವಂತಪಡಿಸಿ, ಮೋಸಮಾಡಿ, ಅಧಿಕಾರ ದುರುಪಯೋಗಪಡಿಸಿಕೊಂಡು ಅಥವಾ ಹಣದ ಆಮಿಷ ತೋರಿಸಿ ಕೆಲಸಕ್ಕೆ ಸೇರಿಸಿಕೊಳ್ಳುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಇನ್ನೊಬ್ಬರಿಗೆ ಒಪ್ಪಿಸುವುದು, ಇನ್ನೊಬ್ಬರಿಂದ ಪಡೆಯುವುದು ಇವೆಲ್ಲವೂ ಅಪರಾಧವೇ. ಲೈಂಗಿಕ ಶೋಷಣೆ, ಗುಲಾಮಗಿರಿ, ಭಿಕ್ಷಾಟನೆ, ಬಲವಂತವಾಗಿ ಅಂಗಾಂಗ ತೆಗೆಯುವುದು ಇದರ ವ್ಯಾಪ್ತಿಗೆ ಬರುತ್ತವೆ. ಆದ್ದರಿಂದ ರಾಯಚೂರಿನ ಹುಡುಗಿಯನ್ನು ಮನೆಗೆಲಸಕ್ಕೆಂದು ಕರೆತಂದು ಅಪಾರ್ಟ್‌ಮೆಂಟಿನಲ್ಲಿ ಕೂಡಿಹಾಕುವುದೂ, ಒಡಿಶಾದ ಕುಟುಂಬವನ್ನು ಮುಂಗಡ ಕೊಟ್ಟು ತಂದು ನಗರದ ಹೊರವಲಯದ ಇಟ್ಟಿಗೆ ಗೂಡಿನಿಂದ ಹೊರಗೆ ಬಿಡದಿರುವುದೂ, 'ಸ್ಪಾದಲ್ಲಿ ರಿಸೆಪ್ಷನಿಸ್ಟ್ ಕೆಲಸ' ಎಂದು ಹೇಳಿ ದಂಧೆಗೆ ದೂಡುವುದೂ ಒಂದೇ ಅಪರಾಧದ ಬೇರೆ ಬೇರೆ ಮುಖಗಳು. ಒಬ್ಬ ವಯಸ್ಕ ವ್ಯಕ್ತಿಯನ್ನು ಸಾಗಿಸಿದರೆ ಕನಿಷ್ಠ 7 ವರ್ಷ, ಮಗುವನ್ನು ಸಾಗಿಸಿದರೆ ಕನಿಷ್ಠ 10 ವರ್ಷ ಜೈಲು ಶಿಕ್ಷೆಯಿದೆ. ಇದೆಲ್ಲದರ ಬುಡದಲ್ಲಿ ಸಂವಿಧಾನದ 23ನೇ ವಿಧಿಯಿದೆ. ಮನುಷ್ಯರ ಮಾರಾಟವನ್ನೂ ಬಿಟ್ಟಿ ಚಾಕರಿಯನ್ನೂ ಅದು ನೇರವಾಗಿ ನಿಷೇಧಿಸುತ್ತದೆ.

ನಾನೇ ಒಪ್ಪಿ ಬಂದಿದ್ದೆ. ಹಾಗಿದ್ದರೂ ಅದು ಕಳ್ಳಸಾಗಣೆ ಆಗುತ್ತದೆಯೇ?

ಆಗುತ್ತದೆ. ಬಲವಂತ, ಮೋಸ ಅಥವಾ ಆಮಿಷದಿಂದ ಪಡೆದ ಒಪ್ಪಿಗೆಗೆ ಬೆಲೆಯಿಲ್ಲವೆಂದು 143ನೇ ಸೆಕ್ಷನ್‌ನ ವಿವರಣೆಯೇ ಹೇಳುತ್ತದೆ. ನೀವು ಒಪ್ಪಿದ್ದು ಒಂದು ಕೆಲಸಕ್ಕೆ, ಒಂದು ಸಂಬಳಕ್ಕೆ, ಬೇಡವೆನಿಸಿದಾಗ ಬಿಟ್ಟುಹೋಗುವ ಸ್ವಾತಂತ್ರ್ಯಕ್ಕೆ. ಆ ಮೂರನ್ನೂ ಕಿತ್ತುಕೊಂಡ ಮೇಲೆ 'ನೀನೇ ಬಂದೆಯಲ್ಲ' ಎಂಬ ಮಾತಿಗೆ ಕಾನೂನಿನಲ್ಲೂ ಜಾಗವಿಲ್ಲ, ನ್ಯಾಯದಲ್ಲೂ ಇಲ್ಲ.

ಬಾಗಿಲು ತೆರೆದೇ ಇತ್ತಲ್ಲ, ಓಡಿಹೋಗಬಹುದಿತ್ತಲ್ಲ?

ಪಾರಾಗಿ ಬಂದವರ ಮನಸ್ಸನ್ನು ಅತಿ ಹೆಚ್ಚು ನೋಯಿಸುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಕೆಟ್ಟ ಮನಸ್ಸಿನವರಲ್ಲ, ಸ್ವಂತ ತಾಯಿಯೇ ಕೇಳಿರುತ್ತಾಳೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಕರೆತಂದವರು ಅಪರಿಚಿತರಾಗಿರುವುದು ಕಡಿಮೆ. ಊರಿನ ಅಕ್ಕ, ದೂರದ ಸಂಬಂಧಿ, ಮದುವೆಯಾಗುತ್ತೇನೆಂದ ಹುಡುಗ, ಹಿಂದೆ ಇದೇ ದಾರಿಯಲ್ಲಿ ಬಂದು ಈಗ ಏಜೆಂಟ್ ಆಗಿರುವ ಗೆಳತಿ, ಇಂಥವರೇ ಹೆಚ್ಚು. ಅವರಿಗೆ ಮನೆಯ ವಿಳಾಸ ಗೊತ್ತಿದೆ, ತಂಗಿ ಯಾವ ಶಾಲೆಗೆ ಹೋಗುತ್ತಾಳೆಂಬುದು ಗೊತ್ತಿದೆ. 'ಓಡಿಹೋದರೆ ತಂಗಿಯನ್ನು ತರುತ್ತೇವೆ' ಎಂದು ಒಂದು ಸಲ ಹೇಳಿದರೆ ಬಾಗಿಲಿಗೆ ಬೀಗ ಬೇಕಾಗುವುದಿಲ್ಲ. ಮೊಬೈಲಿನಲ್ಲಿ ತೆಗೆದಿಟ್ಟ ವಿಡಿಯೊ ಇನ್ನೊಂದು ಬೀಗ. ಆಧಾರ್ ಕಾರ್ಡ್ ಅವರ ಕೈಯಲ್ಲಿದೆ, ಭಾಷೆ ಬಾರದು, ಕೈಯಲ್ಲಿ ಕಾಸಿಲ್ಲ, ಮುಂಗಡದ ಲೆಕ್ಕ ತಿಂಗಳು ತಿಂಗಳಿಗೆ ಏರುತ್ತಲೇ ಇದೆ. ಹೊಡೆದವರೇ ಮರುದಿನ ಊಟ ತಂದುಕೊಟ್ಟು ಸಮಾಧಾನ ಹೇಳಿದಾಗ, ಜಗತ್ತಿನಲ್ಲಿ ತನಗೆ ಇನ್ಯಾರೂ ಇಲ್ಲವೆಂಬ ಭಾವನೆ ಬಲವಾಗುತ್ತದೆ. ಕೆಲವರು ಪೊಲೀಸರ ಮುಂದೆ ಆ ವ್ಯಕ್ತಿಯ ಪರವಾಗಿ ಮಾತಾಡುವುದೂ ಇದೇ ಕಾರಣಕ್ಕೆ. ಓಡಲಿಲ್ಲವೆಂಬುದು ಒಪ್ಪಿಗೆಯ ಗುರುತಲ್ಲ. ಎಷ್ಟೋ ಸಲ ಅದು ಜೀವ ಉಳಿಸಿಕೊಳ್ಳಲು, ಮನೆಯವರನ್ನು ಉಳಿಸಿಕೊಳ್ಳಲು ಲೆಕ್ಕಹಾಕಿ ಮಾಡಿದ ತೀರ್ಮಾನ.

ನಾನು ಈಗಲೂ ಅಲ್ಲೇ ಇದ್ದೇನೆ. ಹೊರಗೆ ಬರುವುದು ಹೇಗೆ?

ಮೊದಲು, ಈ ಪುಟವನ್ನು ಓದಿದ ಮೇಲೆ ಫೋನಿನ ಹಿಸ್ಟರಿಯಿಂದ ಅಳಿಸಿಬಿಡಿ. ಪ್ರಾಣಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ಮಹಿಳೆಯರಿಗೆ 181, 18 ವರ್ಷ ತುಂಬದವರಿಗೆ 1098, ರೈಲಿನಲ್ಲಿ ಅಥವಾ ನಿಲ್ದಾಣದಲ್ಲಿರುವವರಿಗೆ 139 ಸಹಾಯವಾಣಿಗಳಿವೆ; ಎಲ್ಲವೂ ಉಚಿತ. ವಿಳಾಸ ಗೊತ್ತಿಲ್ಲದಿದ್ದರೆ ಕಿಟಕಿಯಿಂದ ಕಾಣುವ ಅಂಗಡಿಯ ಬೋರ್ಡು, ಹತ್ತಿರದ ಬಸ್ ನಿಲ್ದಾಣದ ಹೆಸರು, ಮೆಟ್ರೊ ಕಂಬದ ಸಂಖ್ಯೆ, ಗೇಟಿನ ಬಣ್ಣ, ಬಾಗಿಲ ಪಕ್ಕದ ವಿದ್ಯುತ್ ಮೀಟರಿನ ಸಂಖ್ಯೆ ಇವುಗಳಲ್ಲಿ ಯಾವುದನ್ನಾದರೂ ಹೇಳಿ. ಮಾತಾಡಲು ಸಾಧ್ಯವಿಲ್ಲದಿದ್ದರೆ, ನಂಬಿಕೆಯ ಒಬ್ಬರಿಗೆ ಲೊಕೇಶನ್ ಕಳಿಸಿ ಅವರಿಂದ ಕರೆ ಮಾಡಿಸಬಹುದು.

ಅವಸರದಲ್ಲಿ ಹೊರಡುವುದೇ ಆದರೆ ಜನ ಇರುವ ಹೊತ್ತನ್ನು ಆರಿಸಿಕೊಳ್ಳಿ. ಬಿಎಂಟಿಸಿ ಬಸ್ಸಿನ ಕಂಡಕ್ಟರ್, ಮೆಟ್ರೊ ನಿಲ್ದಾಣದ ಭದ್ರತಾ ಸಿಬ್ಬಂದಿ, ಔಷಧಿ ಅಂಗಡಿಯವರು, ಆಸ್ಪತ್ರೆಯ ನರ್ಸ್, ಇವರಲ್ಲಿ ಯಾರ ಬಳಿಯಾದರೂ 'ನನಗೆ ಪೊಲೀಸರ ಸಹಾಯ ಬೇಕು' ಎಂಬ ಒಂದೇ ಮಾತು ಹೇಳಿದರೆ ಸಾಕು; ಇಡೀ ಕಥೆ ಹೇಳಬೇಕಾಗಿಲ್ಲ. ಬಟ್ಟೆ, ಸಾಮಾನು ಬಿಟ್ಟುಬಂದರೂ ಚಿಂತೆಯಿಲ್ಲ. ಹಣ ಕಳಿಸಿದ ಯುಪಿಐ ದಾಖಲೆ, ವಾಟ್ಸ್‌ಆ್ಯಪ್ ಸಂದೇಶ, ಏಜೆಂಟನ ಫೋನ್ ಸಂಖ್ಯೆ, ಟಿಕೆಟ್ ಇಂಥವು ಕೈಗೆ ಸಿಕ್ಕರೆ ತನ್ನಿ, ಸಿಗದಿದ್ದರೆ ಅವಕ್ಕಾಗಿ ತಡಮಾಡಬೇಡಿ.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. 'ಇದು ನಮ್ಮ ವ್ಯಾಪ್ತಿಯಲ್ಲ' ಎಂದು ಕಳಿಸಿಬಿಡುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಎಲ್ಲೇ ನಡೆದಿದ್ದರೂ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಗೆ ಒಬ್ಬರೇ ಹೋಗಲು ಹೆದರಿಕೆಯಾದರೆ, ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯ ವನಿತಾ ಸಹಾಯವಾಣಿಯನ್ನೋ, ಹಿಂಸೆಗೆ ಒಳಗಾದ ಮಹಿಳೆಯರಿಗೆ ಎಲ್ಲ ನೆರವೂ ಒಂದೇ ಕಡೆ ಸಿಗುವ ಸಖಿ ಒನ್ ಸ್ಟಾಪ್ ಕೇಂದ್ರವನ್ನೋ ಮೊದಲು ಸಂಪರ್ಕಿಸಬಹುದು.

ಪಕ್ಕದ ಫ್ಲ್ಯಾಟಿನಲ್ಲಿರುವ ಹುಡುಗಿಯ ಬಗ್ಗೆ ನನಗೆ ಅನುಮಾನವಿದೆ. ನಾನೇ ಹೋಗಿ ಕೇಳಲೇ?

ದಯವಿಟ್ಟು ಬೇಡ. ನೀವು ಮನೆಯವರನ್ನು ಕೇಳಿದ ರಾತ್ರಿಯೇ ಆಕೆಯನ್ನು ಬೇರೆ ಕಡೆಗೆ ಸಾಗಿಸಿಬಿಡುವ ಸಾಧ್ಯತೆ ಹೆಚ್ಚು. ಎಂದೂ ಒಬ್ಬಳೇ ಹೊರಗೆ ಬಾರದಿರುವುದು, ಶಾಲೆಯ ವಯಸ್ಸಿನವಳು ದಿನವಿಡೀ ಮನೆಯಲ್ಲೇ ಇರುವುದು, ಮೈಮೇಲೆ ಗಾಯ, ಹೆಸರು ಕೇಳಿದರೆ ಬೇರೆಯವರೇ ಉತ್ತರಿಸುವುದು ಇಂಥದ್ದನ್ನು ದಿನಾಂಕ, ಸಮಯದೊಂದಿಗೆ ಬರೆದಿಟ್ಟು 1098 ಅಥವಾ 112ಕ್ಕೆ ತಿಳಿಸಿ. ಫೋಟೊ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ಪೊಲೀಸರು ನನ್ನ ಮೇಲೆಯೇ ಕೇಸು ಹಾಕಿದರೆ?

ಈ ಹೆದರಿಕೆಯನ್ನು ತಲೆಗೆ ತುಂಬುವವರು ಸಾಗಿಸಿದವರೇ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಗುರಿ ವೇಶ್ಯಾಗೃಹ ನಡೆಸುವವರು, ಆ ದುಡಿಮೆಯಿಂದ ಬದುಕುವವರು, ಜನರನ್ನು ತಂದು ದೂಡುವವರು. ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಗಳನ್ನು ಕರೆಯುವುದನ್ನು ಅಪರಾಧವೆನ್ನುವ 8ನೇ ಸೆಕ್ಷನ್ ಅದರಲ್ಲಿರುವುದು ನಿಜ, ಅದನ್ನು ಮಹಿಳೆಯರ ಮೇಲೆ ಬಳಸಿದ ಇತಿಹಾಸವೂ ಇದೆ. ಆದರೆ ಬಲವಂತಕ್ಕೆ ಒಳಗಾದವರು ಆರೋಪಿಗಳಲ್ಲ. ಇದೇ ಕಾಯ್ದೆಯ ಪ್ರಕಾರ ಶೋಧನೆಯ ವೇಳೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರಿರಬೇಕು, ಅಲ್ಲಿ ಸಿಕ್ಕ ಮಹಿಳೆಯರನ್ನು ಮಹಿಳಾ ಪೊಲೀಸರೇ ವಿಚಾರಿಸಬೇಕು. 2022ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟ್ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ, ಲೈಂಗಿಕ ಕಾರ್ಯಕರ್ತೆಯರನ್ನು ಪೊಲೀಸರು ಘನತೆಯಿಂದ ನಡೆಸಿಕೊಳ್ಳಬೇಕು, ದಾಳಿ ಅಥವಾ ರಕ್ಷಣೆಯ ವೇಳೆ ಮಾಧ್ಯಮಗಳು ಅವರ ಗುರುತು ಬಯಲುಮಾಡಬಾರದು ಎಂದು ನಿರ್ದೇಶನ ನೀಡಿದೆ. ಹೇಳಿಕೆ ಕೊಡುವ ಮೊದಲು ವಕೀಲರು ಬೇಕೆಂದು ಕೇಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್, ಕಳ್ಳಸಾಗಣೆಗೆ ಒಳಗಾದವರಿಗೆ ಉಚಿತ ವಕೀಲರ ಹಕ್ಕನ್ನು ಹೆಸರಿಸಿಯೇ ಕೊಟ್ಟಿದೆ; ಆದಾಯ ಪ್ರಮಾಣಪತ್ರದ ಅಗತ್ಯವಿಲ್ಲ. ಉಚಿತ ಕಾನೂನು ನೆರವಿನ ಸಹಾಯವಾಣಿ ಸಂಖ್ಯೆ 15100. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ.

ರಕ್ಷಣೆಯಾದ ಮೇಲೆ ಆಶ್ರಯ ನಿಲಯಕ್ಕೆ ಹೋಗಲೇಬೇಕೇ? ಎಷ್ಟು ದಿನ?

1956ರ ಕಾಯ್ದೆಯಡಿ ರಕ್ಷಿಸಲ್ಪಟ್ಟವರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರೆ. ವಯಸ್ಸು, ಹಿನ್ನೆಲೆ, ಮನೆಗೆ ಕಳಿಸುವುದು ಸುರಕ್ಷಿತವೇ ಎಂಬುದನ್ನು ವಿಚಾರಿಸುವ ಅವಧಿಯಲ್ಲಿ ಗರಿಷ್ಠ 3 ವಾರ ಸುರಕ್ಷಿತ ಸ್ಥಳದಲ್ಲಿ ಇರಿಸಬಹುದು. ಆರೈಕೆ ಬೇಕೆಂದು ಕಂಡುಬಂದರೆ 1ರಿಂದ 3 ವರ್ಷದವರೆಗೆ ನಿಲಯದಲ್ಲಿರಿಸಲು ಆದೇಶಿಸಬಹುದು. ಮಹಿಳೆಯರಿಗೆ ಈ ಹಿಂದೆ ಉಜ್ವಲ ಮತ್ತು ಸ್ವಾಧಾರ ಯೋಜನೆಗಳ ಹೆಸರಿನಲ್ಲಿದ್ದ ವಸತಿ ಕೇಂದ್ರಗಳು 2022ರಿಂದ ಕೇಂದ್ರ ಸರ್ಕಾರದ ಮಿಷನ್ ಶಕ್ತಿ ಯೋಜನೆಯಡಿ 'ಶಕ್ತಿ ಸದನ'ಗಳಾಗಿವೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಒಂದು ಬೀಗದಿಂದ ಬಿಡಿಸಿ ತಂದು ಇನ್ನೊಂದು ಬೀಗದೊಳಗೆ ಇಟ್ಟರೆಂದು ಅನೇಕ ಮಹಿಳೆಯರಿಗೆ ಅನ್ನಿಸುತ್ತದೆ. ಫೋನ್ ಇಲ್ಲ, ಹೊರಗೆ ಹೋಗುವಂತಿಲ್ಲ, ಯಾವಾಗ ಬಿಡುತ್ತಾರೆಂದು ಯಾರೂ ಹೇಳುವುದಿಲ್ಲ. ಅವರ ಈ ದೂರು ನ್ಯಾಯವಾದದ್ದು. ವಯಸ್ಕ ಮಹಿಳೆಯರನ್ನು ಅವರ ಇಚ್ಛೆಗೆ ವಿರುದ್ಧವಾಗಿ ನಿಲಯಗಳಲ್ಲಿ ಇರಿಸಿದ್ದರೆ ಅಂಥ ಪ್ರಕರಣಗಳನ್ನು ಪರಿಶೀಲಿಸಿ ಕಾಲಮಿತಿಯೊಳಗೆ ಬಿಡುಗಡೆ ಮಾಡಬೇಕೆಂದು ಮೇಲೆ ಹೇಳಿದ 2022ರ ನಿರ್ದೇಶನಗಳಲ್ಲೇ ಇದೆ. ನೀವು ವಯಸ್ಕರಾಗಿದ್ದು, ಹೋಗಲು ಸುರಕ್ಷಿತ ಜಾಗವಿದ್ದು, ನಿಲಯ ಬೇಡವೆನಿಸಿದರೆ ಅದನ್ನು ಮ್ಯಾಜಿಸ್ಟ್ರೇಟರ ಮುಂದೆ ನೇರವಾಗಿ ಹೇಳಿ, ವಕೀಲರ ಮೂಲಕ ಅರ್ಜಿ ಕೊಡಿಸಿ. ಹಾಗೆಯೇ, ಬೆನ್ನಟ್ಟುವವರು ಹೊರಗೆ ಕಾಯುತ್ತಿದ್ದರೆ ಕೆಲವು ತಿಂಗಳು ನಿಲಯದಲ್ಲಿರುವುದು ನಿಜಕ್ಕೂ ಪ್ರಾಣ ಉಳಿಸಬಹುದು. ಎರಡನ್ನೂ ತೂಗಿನೋಡುವ ಹಕ್ಕು ನಿಮ್ಮದು.

18 ವರ್ಷ ತುಂಬದವರ ವಿಷಯದಲ್ಲಿ ದಾರಿ ಬೇರೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಬಾಲಮಂದಿರವೋ, ಮನೆಯೋ, ಬೇರೆ ಸಂಸ್ಥೆಯೋ ಎಂಬುದನ್ನು ಸಮಿತಿ ತೀರ್ಮಾನಿಸುತ್ತದೆ.

ಮಾಲೀಕರಿಂದ ಪಡೆದ ಮುಂಗಡ ಇನ್ನೂ ತೀರಿಲ್ಲ. ಹೊರಬಂದ ಮೇಲೂ ಕೊಡಬೇಕೇ?

ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಜೀತದ ಸಾಲ ತಾನಾಗಿಯೇ ಅಳಿದುಹೋಗಿದೆ. ಅಳಿದ ಸಾಲಕ್ಕೆ ಹಣ ವಸೂಲಿ ಮಾಡಿದವರಿಗೆ 3 ವರ್ಷದವರೆಗೆ ಜೈಲು ಶಿಕ್ಷೆಯಿದೆ. ಅದು ಜೀತದ ಸಾಲವಲ್ಲವೆಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವರದೇ ಹೊರತು ಕೂಲಿಯವರದಲ್ಲ. ಕೈಕಾಲಿಗೆ ಸಂಕೋಲೆಯಿದ್ದರೆ ಮಾತ್ರ ಜೀತವೆಂಬ ತಿಳಿವಳಿಕೆ ತಪ್ಪು: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ 23ನೇ ವಿಧಿಯ ಅರ್ಥದಲ್ಲಿ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿಯೇ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಯಲ್ಲಿ ದುಡಿದ ಕೂಲಿಕಾರರ ಪ್ರಕರಣದಲ್ಲಿ ಹೇಳಿದೆ.

ಈ ಪ್ರಕರಣಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಗದ ಜೀತ ವಿಮುಕ್ತಿ ಪತ್ರ. ಜಿಲ್ಲಾಡಳಿತದ ಪರವಾಗಿ ಉಪವಿಭಾಗಾಧಿಕಾರಿಗಳು ಹೇಳಿಕೆ ಪಡೆದು ಇದನ್ನು ಕೊಡುತ್ತಾರೆ. ಇದಿಲ್ಲದೆ ಊರಿಗೆ ಕಳಿಸಿದರೆ ಮುಂದಿನ ಯಾವ ನೆರವೂ ದಕ್ಕುವುದು ಕಷ್ಟ. ಹಬ್ಬಕ್ಕೆ ಊರಿಗೆ ಹೋದ ಕೂಲಿಯವನಿಗೂ ಜೀತದಿಂದ ಬಿಡುಗಡೆಯಾದವನಿಗೂ ದಾಖಲೆಯಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಬಸ್ಸು ಹತ್ತಿಸುವ ಮೊದಲು ಕುಟುಂಬದ ಪ್ರತಿಯೊಬ್ಬ ದುಡಿಮೆಗಾರರ ಹೆಸರಿನಲ್ಲೂ, ಗಂಡನ ಹೆಸರಿನಲ್ಲಿ ಮಾತ್ರವಲ್ಲ, ಪತ್ರ ಕೇಳಿ ಪಡೆಯಿರಿ. ಕೇಂದ್ರದ ಪುನರ್ವಸತಿ ಯೋಜನೆಯಡಿ ತಕ್ಷಣದ ನೆರವಾಗಿ 30,000 ರೂಪಾಯಿವರೆಗೆ, ಬಳಿಕ ಪುರುಷರಿಗೆ 1 ಲಕ್ಷ, ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ ಅಥವಾ ಕಳ್ಳಸಾಗಣೆಯಂಥ ತೀವ್ರ ಸ್ವರೂಪದ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನೆರವಿಗೆ ಅವಕಾಶವಿದೆ. ದೊಡ್ಡ ಮೊತ್ತ ಬರುವುದು ತಡವಾಗುತ್ತದೆ, ಏಕೆಂದರೆ ಅದನ್ನು ಆರೋಪಿಗಳ ವಿರುದ್ಧದ ವಿಚಾರಣೆಗೆ ತಳಕುಹಾಕಲಾಗಿದೆ. ಈ ತಳಕು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ: ಮಾಲೀಕನಿಗೆ ಶಿಕ್ಷೆಯಾಗುವವರೆಗೆ ಹಸಿವು ಕಾಯುವುದಿಲ್ಲ, ಹಳೆಯ ಮೇಸ್ತ್ರಿ ಹೊಸ ಮುಂಗಡ ಹಿಡಿದು ಮನೆಬಾಗಿಲಿಗೆ ಬರುವುದು ಇದೇ ನಡುವಿನ ತಿಂಗಳುಗಳಲ್ಲಿ.

ಪರಿಹಾರ ಧನ ಬೇರೆಯೇ?

ಹೌದು. ನಾಗರಿಕ ಸುರಕ್ಷಾ ಸಂಹಿತೆಯ 396ನೇ ಸೆಕ್ಷನ್ ಅಡಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆರೋಪಿ ಪತ್ತೆಯಾಗದಿದ್ದರೂ ಅರ್ಜಿ ಸಲ್ಲುತ್ತದೆ, 2 ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ರೂಪಿಸಿದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ ಕನಿಷ್ಠ 4 ಲಕ್ಷ, ಗರಿಷ್ಠ 7 ಲಕ್ಷ ರೂಪಾಯಿ ನಿಗದಿಯಾಗಿದೆ. ಹಣ ನಿಮ್ಮ ಹೆಸರಿನ ಖಾತೆಗೇ ಬರಲಿ. ಮನೆಯವರ ಖಾತೆ ಕೊಡಬೇಡಿ.

ಕೋರ್ಟಿನಲ್ಲಿ ಸಾಕ್ಷಿ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆಯೇ?

ಲೈಂಗಿಕ ಅಪರಾಧಕ್ಕೆ ಒಳಗಾದವರ ಗುರುತು ಪ್ರಕಟಿಸುವುದು ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳ ವಿಷಯದಲ್ಲಿ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇದೇ ರಕ್ಷಣೆ ಕೊಡುತ್ತದೆ. ಅತ್ಯಾಚಾರದ ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ ನಡೆಯುತ್ತದೆ. ಬೆದರಿಕೆಯಿದ್ದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ರಕ್ಷಣೆ ಕೋರಬಹುದು. ವೈದ್ಯಕೀಯ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ಯೋನಿಯೊಳಗೆ ಬೆರಳಿಟ್ಟು ನೋಡುವ 'ಎರಡು ಬೆರಳಿನ ಪರೀಕ್ಷೆ'ಯನ್ನು ಯಾರೂ ಮಾಡುವಂತಿಲ್ಲ. ಇಷ್ಟಿದ್ದರೂ ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ನೀವು ಮದುವೆಯಾಗಿ ಬೇರೆ ಊರಿನಲ್ಲಿ ನೆಲೆಸಿರಬಹುದು, ಸಮನ್ಸ್ ಮನೆಗೆ ಬರಬಹುದು. ಸಮನ್ಸನ್ನು ನಿಮ್ಮ ವಕೀಲರ ಮೂಲಕ ತಿಳಿಸುವಂತೆಯೂ, ಸಾಧ್ಯವಿದ್ದಲ್ಲಿ ವಿಡಿಯೊ ಮೂಲಕ ಸಾಕ್ಷ್ಯ ಪಡೆಯುವಂತೆಯೂ ಮೊದಲೇ ಕೋರಿಕೊಳ್ಳುವುದು ಒಳ್ಳೆಯದು.

ಬಂದು ವರ್ಷವಾಯಿತು, ಇನ್ನೂ ನಿದ್ದೆ ಬರುವುದಿಲ್ಲ. ನನಗೇನಾಗಿದೆ?

ನಿಮಗೆ ಹುಚ್ಚು ಹಿಡಿದಿಲ್ಲ. ಬಾಗಿಲು ಬಡಿದ ಸದ್ದಿಗೆ ಬೆಚ್ಚುವುದು, ಒಂದು ಬಗೆಯ ಅತ್ತರಿನ ವಾಸನೆಗೆ ಹೊಟ್ಟೆ ತೊಳಸುವುದು, ಕಾರಣವಿಲ್ಲದೆ ಸಿಟ್ಟು, ಇಡೀ ತಿಂಗಳುಗಳೇ ನೆನಪಿನಿಂದ ಅಳಿಸಿಹೋಗಿರುವುದು ಇವೆಲ್ಲ ದೀರ್ಘಕಾಲದ ಭಯಕ್ಕೆ ದೇಹ ಕಲಿತುಕೊಂಡ ಪ್ರತಿಕ್ರಿಯೆಗಳು. ಅಪಾಯ ಮುಗಿದಿದೆಯೆಂದು ಬುದ್ಧಿಗೆ ಗೊತ್ತಾದರೂ ಮೈಗೆ ಗೊತ್ತಾಗಲು ಸಮಯ ಬೇಕು. ಹೇಳಿಕೆಯಲ್ಲಿ ದಿನಾಂಕಗಳು ಹಿಂದುಮುಂದಾಗುವುದಕ್ಕೂ ಇದೇ ಕಾರಣ. ಅದನ್ನು ಸುಳ್ಳೆಂದು ತಿಳಿಯುವ ಅಧಿಕಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕು.

ಮಾನಸಿಕ ಆರೋಗ್ಯಕ್ಕೆಂದೇ ಇರುವ 14416 ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಹೊರರೋಗಿ ವಿಭಾಗವಿದೆ. ಆಪ್ತಸಮಾಲೋಚಕರು ಮೊದಲ ದಿನವೇ ಎಲ್ಲವನ್ನೂ ಹೇಳೆಂದು ಒತ್ತಾಯಿಸಿದರೆ ಬೇರೆಯವರನ್ನು ಕೇಳಿ. ನಿದ್ದೆ, ಊಟ, ದಿನಚರಿ ಹದಕ್ಕೆ ಬಂದ ಮೇಲೆ ನಡೆದದ್ದನ್ನು ಮಾತಾಡುವುದು ಸರಿಯಾದ ಕ್ರಮ. ಎಂದಿಗೂ ಮಾತಾಡದಿರುವುದೂ ನಿಮ್ಮ ಹಕ್ಕೇ.

ಊರಿಗೆ ಮರಳಲೇಬೇಕೇ?

ಬೇಕಿಲ್ಲ. ಕಳಿಸಿದವರಲ್ಲಿ ಮನೆಯವರೇ ಒಬ್ಬರಾಗಿದ್ದರೆ, ಅಥವಾ ಏಜೆಂಟ್ ಪಕ್ಕದ ಬೀದಿಯಲ್ಲೇ ಇದ್ದರೆ, ಮರಳುವುದು ಮತ್ತೆ ಅದೇ ಬಾಯಿಗೆ ಬಿದ್ದಂತೆ. 1956ರ ಕಾಯ್ದೆಯೂ, ಪೋಷಕರ ವಶಕ್ಕೆ ಒಪ್ಪಿಸುವ ಮುನ್ನ ಅವರ ಯೋಗ್ಯತೆಯನ್ನು ವಿಚಾರಿಸಿ ನೋಡಬೇಕೆನ್ನುತ್ತದೆ. ಕೆಲವರು ಬೆಂಗಳೂರಿನಲ್ಲೇ ಹಾಸ್ಟೆಲ್‌ನಲ್ಲಿದ್ದು ದುಡಿಯುತ್ತಾರೆ, ಕೆಲವರು ಮನೆಗೆ ಹೋಗಿ ಮೂರು ತಿಂಗಳಲ್ಲಿ ವಾಪಸು ಬರುತ್ತಾರೆ. ವಾಪಸು ಬಂದದ್ದನ್ನು ಸೋಲೆಂದು ಎಣಿಸಬೇಡಿ.

ದಾಖಲೆ ಒಂದೂ ಇಲ್ಲ. ಕೆಲಸ ಹೇಗೆ ಸಿಗುತ್ತದೆ?

ದಾಖಲೆಯಿಂದಲೇ ಶುರುಮಾಡಿ. ವಿಳಾಸದ ಪುರಾವೆ ಇಲ್ಲದಿದ್ದರೆ ಮಾನ್ಯತೆ ಪಡೆದ ನಿಲಯದ ಅಧೀಕ್ಷಕರ ಪ್ರಮಾಣಪತ್ರದ ಮೇಲೆ ಆಧಾರ್ ಪಡೆಯಬಹುದು. ಮೊದಲೇ ಆಧಾರ್ ಇದ್ದು ಕಾರ್ಡ್ ಕಿತ್ತುಕೊಂಡಿದ್ದರೆ, ಬೆರಳಚ್ಚು ಕೊಟ್ಟು ಮತ್ತೆ ಪಡೆಯಬಹುದು. ಆಗಲೇ ಮೊಬೈಲ್ ಸಂಖ್ಯೆ ಬದಲಿಸಿ, ಹಳೆಯ ಸಂಖ್ಯೆ ಸಾಗಿಸಿದವರ ಕೈಯಲ್ಲಿರಬಹುದು. ಆಮೇಲೆ ಜನಧನ್ ಖಾತೆ. ಕರ್ನಾಟಕದ ವಿಳಾಸದ ಗುರುತಿನ ಚೀಟಿ ಕೈಗೆ ಬಂದರೆ, 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಸಿಗುತ್ತದೆ. ಕೋರ್ಟಿಗೆ, ಆಸ್ಪತ್ರೆಗೆ, ಕೆಲಸ ಹುಡುಕಲು ಅಲೆಯುವ ಮಹಿಳೆಗೆ ಇದು ಸಣ್ಣ ನೆರವಲ್ಲ.

ನಿಲಯಗಳಲ್ಲಿ ಹೊಲಿಗೆ, ಕಸೂತಿ, ಬ್ಯೂಟಿಷಿಯನ್ ತರಬೇತಿಯನ್ನೇ ಎಲ್ಲರಿಗೂ ಕೊಡುವ ರೂಢಿ ಬದಲಾಗಬೇಕು. ಹೊಲಿಗೆ ಕಲಿತವರು ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಸೇರಿ ಭವಿಷ್ಯನಿಧಿ, ಇಎಸ್ಐ ಸಹಿತ ಸಂಬಳ ಪಡೆಯುವುದುಂಟು, ಅದು ಒಳ್ಳೆಯದೇ. ಆದರೆ ಹತ್ತನೇ ತರಗತಿ ಮುಗಿಸಬೇಕೆಂಬ ಹುಡುಗಿಗೆ ಮುಕ್ತ ಶಾಲೆಯ ಅರ್ಜಿ ಬೇಕು, ಲೆಕ್ಕದಲ್ಲಿ ಚುರುಕಾದವಳಿಗೆ ಕಂಪ್ಯೂಟರ್ ಬೇಕು, ಆಟೊ ಓಡಿಸುತ್ತೇನೆಂದವಳಿಗೆ ಲೈಸೆನ್ಸ್ ಬೇಕು. ಏನು ಇಷ್ಟವೆಂದು ಕೇಳಿದಾಗ ಮೊದಮೊದಲು 'ನೀವು ಹೇಳಿದ್ದು' ಎಂದೇ ಉತ್ತರ ಬರುತ್ತದೆ. ವರ್ಷಗಟ್ಟಲೆ ಯಾವ ಬಟ್ಟೆ ಹಾಕಬೇಕೆಂಬುದನ್ನೂ ಬೇರೆಯವರು ತೀರ್ಮಾನಿಸಿದ್ದಾರೆ. ಆದ್ದರಿಂದ ಎರಡನೆಯ ಸಲ, ಮೂರನೆಯ ಸಲ ಕೇಳಬೇಕು.

ವಿದೇಶದಲ್ಲಿ ಡೇಟಾ ಎಂಟ್ರಿ ಕೆಲಸವೆಂದು ಹೋದ ಮಗ ಸಿಕ್ಕಿಬಿದ್ದಿದ್ದಾನೆ. ಇದೂ ಕಳ್ಳಸಾಗಣೆಯೇ?

ಹೌದು. ಥಾಯ್ಲೆಂಡಿಗೆಂದು ಕರೆದೊಯ್ದು ಗಡಿಯ ಹೊಳೆ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿ ಕಡೆಗೋ, ನೇರವಾಗಿ ಕಾಂಬೋಡಿಯಾ, ಲಾವೋಸ್‌ಗೋ ತಲುಪಿಸಿ, ಪಾಸ್‌ಪೋರ್ಟ್ ಕಿತ್ತುಕೊಂಡು ಆನ್‌ಲೈನ್ ವಂಚನೆ ಮಾಡಿಸುವ ಜಾಲಗಳಿವೆ. ಕನ್ನಡ ಮತ್ತು ಇಂಗ್ಲಿಷ್ ಬಲ್ಲ, ಕಂಪ್ಯೂಟರ್ ಕಲಿತ ಹುಡುಗರೇ ಅವರಿಗೆ ಬೇಕು. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಯಿಂದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ಆ ದೇಶದ ಭಾರತೀಯ ರಾಯಭಾರ ಕಚೇರಿಗೂ, ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿಯೂ ದೂರು ದಾಖಲಿಸಿ, ಇಲ್ಲಿನ ಏಜೆಂಟನ ಮೇಲೆ ಸ್ಥಳೀಯ ಠಾಣೆಯಲ್ಲಿ ಎಫ್‌ಐಆರ್ ಮಾಡಿಸಿ. ಬಿಡುಗಡೆಗೆಂದು ಜಾಲದವರು ಕೇಳುವ ಹಣವನ್ನು ಸಾಲಮಾಡಿ ಕಳಿಸುವ ಮೊದಲು ಅಧಿಕಾರಿಗಳೊಂದಿಗೆ ಮಾತಾಡಿ. ಹಣ ಪಡೆದು ಇನ್ನೊಂದು ಜಾಲಕ್ಕೆ ಮಾರುವುದೂ ನಡೆಯುತ್ತದೆ. ಮರಳಿದ ಹುಡುಗರಿಗೆ ಹೊರಗೆ ಹೇಳಿಕೊಳ್ಳಲಾಗದ ಅವಮಾನವಿರುತ್ತದೆ. ಗಂಡುಮಕ್ಕಳಿಗೂ ಆಪ್ತಸಮಾಲೋಚನೆ ಬೇಕೆಂಬುದು ನಮ್ಮಲ್ಲಿ ಇನ್ನೂ ರೂಢಿಗೆ ಬಂದಿಲ್ಲ.

ಮಗಳು ಮನೆಗೆ ಬಂದಿದ್ದಾಳೆ. ನಾವು ಏನು ಮಾತಾಡಬೇಕು?

ನಡೆದದ್ದನ್ನು ಕೇಳಬೇಡಿ, ಹೇಳಬೇಕೆನಿಸಿದ ದಿನ ಅವಳೇ ಹೇಳುತ್ತಾಳೆ, ಆಗ ಕೂತು ಕೇಳಿ. 'ಆದದ್ದೆಲ್ಲ ಮರೆತುಬಿಡು' ಎನ್ನುವುದೂ ಬೇಡ. ಅವಸರದಲ್ಲಿ ಮದುವೆ ಮಾಡಿ ಮುಗಿಸೋಣವೆಂಬ ನೆಂಟರ ಸಲಹೆಗೆ ಕಿವಿಗೊಡಬೇಡಿ. ಅವಳ ಫೋನನ್ನು ನೀವು ಇಟ್ಟುಕೊಳ್ಳಬೇಡಿ, ಕೋಣೆಯ ಚಿಲಕ ಒಳಗಿನಿಂದ ಹಾಕಿಕೊಳ್ಳುವಂತಿರಲಿ, ಮುಟ್ಟುವ ಮೊದಲು ಕೇಳಿ. ರಾತ್ರಿ ದೀಪ ಹಾಕಿಕೊಂಡೇ ಮಲಗುತ್ತೇನೆಂದರೆ ಹಾಗೆಯೇ ಮಲಗಲಿ. ಬೆಳಿಗ್ಗೆ ತಿಂಡಿಗೆ ಏನು ಮಾಡಲೆಂದು ಕೇಳಿ, ಅವಳು ಹೇಳಿದ್ದನ್ನೇ ಮಾಡಿ.